ಎಲುಬಿನ ಫ್ರೇಮು

ಖಾನಾಪುರದಲ್ಲಿ ನಮ್ಮ ಎರಡು ಶಾಲೆಗಳಿಗೆ ಒಂದೇ ಅಂಗಳ, ನಡುವೆ ಒಂದು ನಳ. ಆ ನಳದ ಹತ್ತಿರ ಮುಖ ತೊಳೆದುಕೊಳ್ಳುವಾಗ ನಾನು ಮೊದಲ ಸಲ ಬಾಜೂ ಶಾಲೆಯ ಶಿಕ್ಷಕಿಯ ಮೂಗನ್ನು ಸರಿಯಾಗಿ ನೋಡಿದೆ. ಚಸ್ಮಾ ತೆಗೆದು ಕಟ್ಟೆಯ ಮೇಲೆ ಇಟ್ಟಿದ್ದಳು. ಮೂಗಿನ ಎರಡೂ ಬದಿಗೆ ಒಂದು ಗೆರೆ ಇಲ್ಲ, ಕಲೆ ಇಲ್ಲ, ತಗ್ಗಿಲ್ಲ. ನನ್ನ ಮೂಗಿನ ಮೇಲೆ ಆಗ ಚಸ್ಮಾ ಕೂಡುವ ಕಡೆ ಎರಡು ಹಸಿರು ಬೊಟ್ಟುಗಳಿದ್ದವು. ಸಾಬೂನು ಹಚ್ಚಿ ಉಜ್ಜಿದರೂ ಹೋಗುತ್ತಿರಲಿಲ್ಲ, ಮೇಲಾಗಿ ತುರಿಕೆ ಬೇರೆ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ಬಸ್ಸು, ಒಂದೇ ಸೀಮೆಸುಣ್ಣದ ಧೂಳು. ಹೀಗಿದ್ದ ಮೇಲೆ ಆಕೆಯ ಮೂಗು ಯಾಕೆ ಸ್ವಚ್ಛ, ನನ್ನ ಮೂಗು ಯಾಕೆ ಪಾಚಿಗಟ್ಟಿದ ಕಲ್ಲಿನ ಹಾಗೆ ಎಂಬುದು ನನ್ನ ಮೊದಲ ತಕರಾರು.

ನಾನು ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ, ಆಕೆ ಮರಾಠಿ ಶಾಲೆಯಲ್ಲಿ. ನನ್ನ ಮಕ್ಕಳು ನನ್ನನ್ನು ಅಕ್ಕೋರು ಎನ್ನುತ್ತಾರೆ, ಆಕೆಯ ಮಕ್ಕಳು ಆಕೆಯನ್ನು ಬಾಯಿ ಎನ್ನುತ್ತಾರೆ. ನಾವೂ ಒಬ್ಬರನ್ನೊಬ್ಬರು ಹಾಗೆಯೇ ಕರೆಯುತ್ತೇವೆ. ಇಬ್ಬರ ಮನೆಯೂ ಬೆಳಗಾವಿಯಲ್ಲಿ. ಬಸ್ಸು ಹೆಂಗಸರಿಗೆ ಪುಕ್ಕಟೆಯಾದ ಮೇಲೆ ಬೆಳಗಿನ ಹೊತ್ತು ಸೀಟು ಸಿಗುವುದೇ ಕಷ್ಟ. ಆಕೆ ನನಗಿಂತ ಮೊದಲು ಹತ್ತುವವಳು, ಬಾಜೂ ಸೀಟಿನ ಮೇಲೆ ಊಟದ ಚೀಲ ಇಟ್ಟು ನನಗಾಗಿ ಜಾಗ ಹಿಡಿದಿರುತ್ತಾಳೆ. ಆ ಚೀಲದ ಸಲುವಾಗಿ ಅದೆಷ್ಟು ಜನರ ಹತ್ತಿರ ಬೈಸಿಕೊಂಡಿದ್ದಾಳೋ. ಒಳ್ಳೆಯವಳು. ಕೆಟ್ಟವಳಾಗಿದ್ದರೆ ಸಿಟ್ಟು ಮಾಡಿ ಮುಗಿಸಬಹುದಿತ್ತು, ಇಷ್ಟು ತ್ರಾಸು ಆಗುತ್ತಿರಲಿಲ್ಲ.

ಆಕೆಯ ಚಸ್ಮಾದ ಅಂಚು ದಪ್ಪ. ಕಂದು ಬಣ್ಣ, ಅದರಲ್ಲಿ ಅಲ್ಲಲ್ಲಿ ಜೇನಿನ ಹಳದಿ. ಪೀರನವಾಡಿ ದಾಟಿದ ಮೇಲೆ ಬಿಸಿಲು ಆಕೆಯ ಕಡೆಯ ಕಿಟಕಿಯಿಂದ ಬರುತ್ತದೆ. ಆಗ ಆ ಅಂಚಿನೊಳಗೆ ಬೆಳಕು ಹೊಕ್ಕು, ಆಕೆಯ ಗಲ್ಲದ ಮೇಲೂ ಒಂದಿಷ್ಟು ಹಳದಿ ಬೀಳುತ್ತದೆ. ನಾನು ಮಾತು ಕೇಳುವ ನೆಪದಲ್ಲಿ ಅದನ್ನೇ ನೋಡುತ್ತ ಕೂಡುತ್ತಿದ್ದೆ. ನನ್ನದು ಬಂಗಾರದ ಬಣ್ಣದ ಸಪೂರ ತಂತಿ. ಕೊಂಡಾಗ ಬಂಗಾರದಂತೆಯೇ ಇತ್ತು. ಖಾನಾಪುರದ ಎರಡು ಮಳೆಗಾಲ ಕಂಡ ಮೇಲೆ ಬಣ್ಣ ಸುಲಿದು, ಕಿವಿಯ ಹಿಂದೆ ತಾಮ್ರದ ಪಾತ್ರೆಯ ತಳದ ಹಾಗೆ ಆಗಿತ್ತು.

ಇಷ್ಟೇ ಆಗಿದ್ದರೆ ಅದು ಚಸ್ಮಾದ ಹೊಟ್ಟೆಕಿಚ್ಚು, ಅಂಗಡಿಗೆ ಹೋದರೆ ಮುಗಿಯುವಂಥದ್ದು. ಅದನ್ನು ಬೆಳೆಸಿದವರು ನಮ್ಮ ಅತ್ತೆ.

ನನ್ನ ತವರು ಬೀಡಿ ಎಂಬ ಊರು. ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತಿರಲಿಲ್ಲ. ಬೆಳಗಾವಿಯ ಈ ಮನೆಗೆ ಬಂದ ಮೇಲೆ ನಾನು ಕಲಿತದ್ದು ಬಾಜಾರದ ಮರಾಠಿ: ಕಾಯಿಪಲ್ಲೆಯ ಹೆಸರು, ಚೌಕಾಸಿ, ರಿಕ್ಷಾದವನಿಗೆ ಎಡಕ್ಕೆ ಬಲಕ್ಕೆ. ಅತ್ತೆಗೆ ಎರಡೂ ಭಾಷೆ ಸಲೀಸು. ಆದರೆ ಹಂಚಿಕೆ ಇದೆ. ನನ್ನ ಜೊತೆ ಕನ್ನಡ, ಕೊಲ್ಲಾಪುರಕ್ಕೆ ಕೊಟ್ಟ ಮಗಳ ಜೊತೆ ಮರಾಠಿ. ಕನ್ನಡದಲ್ಲಿ ನನಗೆ ಸಿಗುವುದು ಹಾಲು, ಉಪ್ಪು, ನೀರು ಬಂತೋ ಇಲ್ಲವೋ. ಮರಾಠಿಯಲ್ಲಿ ಫೋನಿನ ಆ ಕಡೆಗೆ ಏನು ಹೋಗುತ್ತಿತ್ತೋ ನನಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಅದು ಹಾಲು ಉಪ್ಪಿನ ಮಾತಲ್ಲ ಎಂಬುದು ಮಾತ್ರ ಅವರ ದನಿಯಿಂದಲೇ ತಿಳಿಯುತ್ತಿತ್ತು. ಅವರು ನನ್ನನ್ನು ಬೈದವರಲ್ಲ, ಕಾಡಿದವರಲ್ಲ. ಆದರೆ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಅವರ ಬಾಯಿಂದ ಬಂದದ್ದನ್ನು ಇಷ್ಟು ವರ್ಷದಲ್ಲಿ ನಾನು ಕೇಳಿರಲಿಲ್ಲ. ನನಗೆ ಅದು ಬೇಕಾಗಿತ್ತು. ನರೆತ ಕೂದಲಿಗೆ ಬಣ್ಣ ಹಚ್ಚುವ ವಯಸ್ಸಿನಲ್ಲೂ ಬೇಕಾಗಿತ್ತು, ಇದರಲ್ಲಿ ನಾಚಿಕೆ ಏನು.

ಹಸಿರು ಬೊಟ್ಟುಗಳಿಗೆ ಮೊದಲು ಮದ್ದು ಹುಡುಕಬೇಕಾಯಿತು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಖಡೇಬಜಾರಿನ ಅಂಗಡಿಗೆ ಹೋದೆ. ಅಂಗಡಿಯವರು ವಯಸ್ಸಾದ ಮುಸಲ್ಮಾನರು, ಇಡೀ ಗಲ್ಲಿ ಅವರನ್ನು ಚಾಚಾ ಎನ್ನುತ್ತದೆ. ಮಾತಿನ ಮಲ್ಲ. ಯಾರು ಯಾವುದನ್ನು ಮೂಗಿಗೇರಿಸಿದರೂ ಅದೇ ಅವರಿಗೆ ಒಪ್ಪುತ್ತದೆ ಎನ್ನುವ ಜಾತಿ. ನನ್ನ ಮೂಗನ್ನು ದೀಪದ ಕೆಳಗೆ ಹಿಡಿದು ನೋಡಿ, "ಇದು ನಿಮ್ಮ ತಪ್ಪಲ್ರೀ ಮೇಡಂ, ಧಾತುವಿಂದು," ಎಂದರು. "ಇದರಾಗ ನಿಕಲ್ ಐತಿ. ಕೆಲವರ ಬೆವರಿಗೆ ಅದು ಆಗಿಬರೂದಿಲ್ಲ. ನಿಮ್ಮ ಬೆವರ ಭಾಳ ತೇಜ್ ಐತಿ."

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನವರು ಹೇಳುತ್ತಿದ್ದರು. ಬೆವರೂ ಹಾಗೇ ಎಂದು ಈಗ ತಿಳಿಯಿತು.

ಅವರು ಗಾಜಿನ ಮೇಲೆ ಒಂದೊಂದೇ ಇಡುತ್ತ ಹೋದರು. ಮೊದಲು ಟಿಆರ್ ಎಂಬ ಪ್ಲಾಸ್ಟಿಕ್ಕು. ಅದರ ಕಾಲನ್ನು ಹಿಡಿದು ಹಗ್ಗದ ಹಾಗೆ ತಿರುವಿ ಬಿಟ್ಟರು, ಅದು ಟಪ್ಪೆಂದು ನೆಟ್ಟಗಾಯಿತು. "ಹುಡುಗರು ತುಳದರೂ ಮುರಿಯಂಗಿಲ್ಲ." ಹಾಕಿ ಕನ್ನಡಿ ನೋಡಿದೆ. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಚಸ್ಮಾದ ಹಾಗಿತ್ತು. ಆಮೇಲೆ ಟೈಟಾನಿಯಂ. ಬೂದು ಬಣ್ಣ, ಗರಿಕೆಯಷ್ಟು ಸಪೂರ, ಅಂಗೈ ಮೇಲೆ ಇಟ್ಟರೆ ಇಟ್ಟದ್ದೇ ಗೊತ್ತಾಗುವುದಿಲ್ಲ. ಇದೂ ಲೋಹವೇ ಆದರೂ ಮೈಗೆ ಏನೂ ಮಾಡುವುದಿಲ್ಲ, ಮುರಿದ ಎಲುಬಿಗೆ ಡಾಕ್ಟರು ಒಳಗೆ ಕೂಡಿಸುವುದೂ ಇದನ್ನೇ ಎಂದರು.

ಆ ಹೊತ್ತಿಗೆ ನನ್ನ ಕಣ್ಣು ಮೂಲೆಯ ಕಪಾಟಿಗೆ ಹೋಗಿತ್ತು. ಅಲ್ಲಿ ಆಕೆಯದರಂಥ ಕಂದು ಫ್ರೇಮುಗಳು ಸಾಲಾಗಿದ್ದವು. ನನ್ನ ನೋಟ ಹಿಡಿದ ಚಾಚಾ ಒಂದನ್ನು ತೆಗೆದರು. "ಇದು ಶೆಲ್. ಹತ್ತಿಯಿಂದ ಮಾಡ್ತಾರ, ಹಲಿಗಿ ಹಂಗ ಹಾಳಿ ಬರತೈತಿ, ಅದನ್ನ ಕೊರದು ತಗೀತಾರ. ಅದಕ್ಕ ಬಣ್ಣ ಒಳಗ ತನಕಾ ಇರತೈತಿ, ಸುಲಿಯೂದಿಲ್ಲ. ಮದಲ ಕೋಡು, ಎಲುಬು ಇದರಿಂದ ಮಾಡ್ತಿದ್ರಂತ. ಅದಕ್ಕ ನಮ್ಮ ಹಳೇ ಮರಾಠಿ ಗಿರಾಕಿ ಇವತ್ತಿಗೂ ಬಂದು, ಹಾಡಾಚಿ ಫ್ರೇಮ್ ದಾಖವಾ ಅಂತಾರ."

ಹಾಡ ಎಂದರೆ ಮರಾಠಿಯಲ್ಲಿ ಎಲುಬು. ಕನ್ನಡದ ಕಿವಿಗೆ ಅದು ಹಾಡಿನ ಹಾಗೆ ಕೇಳುತ್ತದೆ, ಆದರೆ ನಾನು ಮೋಸ ಹೋಗಲಿಲ್ಲ. ನಮ್ಮ ಅತ್ತೆ ಚಳಿಗಾಲ ಪೂರ್ತಿ ಹಾಡ ನೋಯುತ್ತವೆ ಎಂದು ನರಳುವುದನ್ನು ಕೇಳಿ ಕೇಳಿ ಆ ಶಬ್ದ ನನಗೆ ಬಾಯಿಪಾಠವಾಗಿತ್ತು. ಹಾಡಾಚಿ, ಎಂದರೆ ಎಲುಬಿನದು; ದಾಖವಾ, ಎಂದರೆ ತೋರಿಸಿ. ಬಾಯಿಯ ಚಸ್ಮಾಕ್ಕೆ ಅದು ಹೆಸರು.

ಕೈಗೆ ತೆಗೆದುಕೊಂಡೆ, ಹಾಕಿಕೊಳ್ಳಲಿಲ್ಲ. ಆಕೆಯದನ್ನೇ ಕೊಂಡರೆ ಆಕೆಯನ್ನು ನೋಡಿ ಕೊಂಡಂತಾಗುತ್ತದೆ. ಆ ಮಾನ ಬಿಡಲಾರದೆ ಟೈಟಾನಿಯಂ ಆರಿಸಿದೆ. ವಾರದಲ್ಲಿ ಬೊಟ್ಟುಗಳು ಮಾಸಿದವು. ಮೂಗು ಮೂಗಿನ ಹಾಗಾಯಿತು. ಆದರೆ ಆ ಚಸ್ಮಾದ ಗುಣವೇ ಅದರ ದೋಷ. ಮುಖದ ಮೇಲೆ ಅದು ಕಾಣುವುದೇ ಇಲ್ಲ. ಶಾಲೆಯಲ್ಲಿ ಒಬ್ಬರೂ ಗುರುತಿಸಲಿಲ್ಲ. ಮನೆಯಲ್ಲಿ ಅತ್ತೆ ಎರಡು ದಿನ ಬಿಟ್ಟು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಚಸ್ಮಾ ತೊಳದಿ ಏನು?" ಎಂದರು.

ಇದಾದ ಸ್ವಲ್ಪ ದಿನಕ್ಕೆ ಬಾಯಿ ನಮ್ಮ ಮನೆಗೆ ಬಂದಳು. ಆಕೆಯ ತವರು ಜಾಂಬೋಟಿ. ಅಲ್ಲಿಂದ ಬರುವಾಗ ಒಂದು ಡಬ್ಬಿ ತುಂಬ ಆಮಸೂಲ, ಒಣಗಿಸಿದ ಮುರುಗಲ ಸಿಪ್ಪೆ, ತಂದಿದ್ದಳು. ನನಗೆ ಕೊಟ್ಟಿದ್ದರೆ ಬಸ್ಸಿನಲ್ಲೇ ಕೊಡಬಹುದಿತ್ತು. ಸೀದಾ ಒಳಗೆ ಬಂದು ಅತ್ತೆಯ ಕಾಲು ಮುಟ್ಟಿ, "ಆಯಿ, ತುಮಚ್ಯಾಸಾಠಿ," ಎಂದು ಅವರ ಕೈಯಲ್ಲಿಟ್ಟಳು. ನಿಮಗಾಗಿ ಎಂದು. ನಾನು ಈ ಮನೆಗೆ ಬಂದಾಗಿನಿಂದ ಅತ್ತೀ ಎಂದೇ ಕರೆದಿದ್ದೇನೆ. ಆಯಿ ಎನ್ನಲು ಒಮ್ಮೆಯೂ ಧೈರ್ಯ ಬಂದಿರಲಿಲ್ಲ, ಯಾರೂ ಅನ್ನು ಎಂದೂ ಹೇಳಿರಲಿಲ್ಲ. ಈಕೆ ಚಪ್ಪಲಿ ಬಿಟ್ಟ ಉಸಿರಿನಲ್ಲೇ ಅಂದುಬಿಟ್ಟಳು.

ಅತ್ತೆಯ ಮುಖ ಅರಳಿತು. "ಯೇ ಬಾಳಾ, ಬಸ್," ಎಂದು ಬಾಜೂಕ್ಕೆ ಕೂಡಿಸಿಕೊಂಡರು. ಬಾಳಾ ಎಂದರೆ ಮಗು. ನಲವತ್ತು ದಾಟಿದ, ಮೊಣಕಾಲು ನೋವಿಗೆ ಎಣ್ಣೆ ಹಚ್ಚಿಕೊಳ್ಳುವ ಹೆಂಗಸು ಮಗುವಾಗಿ ಕೂತಿತು. ಇಬ್ಬರೂ ಮರಾಠಿಯಲ್ಲಿ ಶುರು ಮಾಡಿದರು. ನೀರು ಹರಿದ ಹಾಗೆ ಮಾತು. ನನಗೆ ಅಲ್ಲೊಂದು ಇಲ್ಲೊಂದು ಶಬ್ದ ಕೈಗೆ ಸಿಗುತ್ತಿತ್ತು, ಹಿಡಿಯುವಷ್ಟರಲ್ಲಿ ಅವರು ಮುಂದೆ ಹೋಗಿರುತ್ತಿದ್ದರು. ನಡುವೆ ಅತ್ತೆ ಆಕೆಯ ಚಸ್ಮಾ ತೆಗೆದು ತಮ್ಮ ಕಣ್ಣಿಗೇ ಹಾಕಿಕೊಂಡು, "ಛಾನ್ ಆಹೇ ಗ!" ಎಂದರು. ಇಬ್ಬರೂ ನಕ್ಕರು. ಚಂದ ಇದೆಯಂತೆ. ನನ್ನದು ತೊಳೆದದ್ದಂತೆ.

ನಾನು ಚಹಾ ಮಾಡಲು ಒಳಗೆ ಹೋದೆ. ಶುಂಠಿ ಜಜ್ಜುವ ಸಪ್ಪಳ ಹೊರಗಿನವರಿಗೆ ಕೇಳಲಿ ಎಂದೇ ಜೋರಾಗಿ ಜಜ್ಜಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಚಹಾ ತಂದಾಗ ಇಬ್ಬರೂ ನನ್ನ ಕಡೆ ನೋಡಿ ಸುಮ್ಮನಾದರು. ಆ ಸುಮ್ಮನಾದದ್ದು ನನಗೆ ಇನ್ನೂ ಚುಚ್ಚಿತು. ಚಹಾ ಖಾರ ಆಗಿತ್ತು, ಆದರೂ ಬಾಯಿ ಕುಡಿದಳು, ಭಾಳ ಚಲೋ ಆಗೇತಿ ಅಂದಳು. ನಾನು ಮೊದಲೇ ಹೇಳಿದೆನಲ್ಲ, ಒಳ್ಳೆಯವಳು.

ಮರುದಿನವೋ ಅದರ ಮರುದಿನವೋ ಸಂಜೆ ಅತ್ತೆ ಮಗಳ ಜೊತೆ ಫೋನಿನಲ್ಲಿದ್ದರು. ನಾನು ಒಳಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆಯ ಚಟಪಟ ನಿಲ್ಲುವ ಹೊತ್ತಿಗೆ ಒಂದು ಪೂರ್ತಿ ವಾಕ್ಯ ಕಿವಿಗೆ ಬಿತ್ತು. ಬೇರೆ ಮಾತುಗಳ ಹಾಗೆ ಓಡಿಹೋಗಲಿಲ್ಲ, ನಿಧಾನವಾಗಿ, ಒಂದೊಂದೇ ಶಬ್ದಕ್ಕೆ ತೂಕ ಕೊಟ್ಟು ಅಂದರು: "ಹಾಡಾಚಿ ಶಿಕ್ಷಿಕಾ ಆಹೇ ತೀ."

ತೀ ಎಂದರೆ ಅವಳು. ಶಿಕ್ಷಿಕಾ ಎಂದರೆ ಕೇಳಬೇಕಾಗಿಲ್ಲ. ಹಾಡಾಚಿ, ಚಾಚಾನ ಅಂಗಡಿಯಲ್ಲಿ ಕಲಿತದ್ದು. ಅವಳು ಎಲುಬಿನ ಫ್ರೇಮಿನ ಶಿಕ್ಷಕಿ. ಕೊಲ್ಲಾಪುರಕ್ಕೆ ಗುರುತು ಹೇಳುತ್ತಿದ್ದಾರೆ: ನಮ್ಮ ಮನೆಗೆ ಬಂದಿದ್ದಳಲ್ಲ, ಆ ದಪ್ಪ ಅಂಚಿನ ಚಸ್ಮಾದವಳು. ಗುರುತು ಹೇಳುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆ ದನಿ! ತುಪ್ಪ ಬಡಿಸುವಾಗ ಇನ್ನೊಂದಿಷ್ಟು ಎನ್ನುವ ದನಿ. ಅದರಲ್ಲಿ ಹೆಮ್ಮೆ ಇತ್ತು, ಅಕ್ಕರೆ ಇತ್ತು. ನಾನು ಇಷ್ಟು ವರ್ಷ ಕಾದು ಕೂತಿದ್ದ ದನಿ ಅದು. ಒಂದು ಮಧ್ಯಾಹ್ನ ಬಂದು ಆಮಸೂಲ ಕೊಟ್ಟು ಹೋದವಳಿಗೆ ಸಿಕ್ಕಿತು. ಒಗ್ಗರಣೆ ಹತ್ತಿ ಕರಿದಾಯಿತು. ಮತ್ತೊಮ್ಮೆ ಹಾಕಿದೆ.

ಮುಂದಿನ ಶನಿವಾರ ಬರುವ ತನಕ ತಾಳಲಿಲ್ಲ. ಶಾಲೆಯಿಂದ ಬಂದವಳು ಮನೆಗೆ ಹೋಗದೆ ಸೀದಾ ಚಾಚಾನ ಅಂಗಡಿಗೆ ಹೋಗಿ, "ಹಾಡಾಚಿ ಫ್ರೇಮ್ ತೋರಸ್ರಿ," ಎಂದೆ.

"ಟೈಟಾನಿಯಂ ಏನ ಮಾಡ್ತು?"

"ಏನೂ ಮಾಡಲಿಲ್ಲ. ಅದ ಅದರ ತೊಂದರೆ."

ಮಾನ ಗೀನ ಎಲ್ಲ ಬಸ್ಸಿನಲ್ಲೇ ಬಿಟ್ಟು ಬಂದಿದ್ದೆ. ಆಕೆಯದೇ ಬಣ್ಣ, ಆಕೆಯದೇ ಆಕಾರ ಬೇಕು ಎಂದೆ. ಅದು ಮುಗಿದಿತ್ತು. ಅದಕ್ಕಿಂತ ಒಂದು ಛಾಯೆ ಗಾಢವಾದದ್ದು ಇತ್ತು, ಕಾಕಂಬಿಯ ಬಣ್ಣ. ಹಾಕಿಕೊಂಡೆ. ಕನ್ನಡಿಯಲ್ಲಿ ಒಬ್ಬ ಗಂಭೀರ ಹೆಂಗಸು ಕಂಡಳು, ಯಾರನ್ನೋ ಬೈಯಲು ಹೊರಟವಳ ಹಾಗೆ. ಹೊಸ ಫ್ರೇಮು ಮೂಗಿನ ಮೇಲೆ ಒಂದು ಗಳಿಗೆ ನಿಂತು ಕೆಳಗೆ ಜಾರಿತು. ತಂತಿಯ ಚಸ್ಮಾಕ್ಕಾದರೆ ಮೂಗಿನ ಎರಡು ಕಡೆ ಸಣ್ಣ ಗದ್ದಿಗೆ ಇರುತ್ತವೆ, ಬೇಕಾದಂತೆ ಹೊಂದಿಸಬಹುದು. ಶೆಲ್ಲಿಗೆ ಅದಿಲ್ಲ. ಮೂಗೇ ಅದಕ್ಕೆ ಹೊಂದಿಕೊಳ್ಳಬೇಕು. ಚಾಚಾ ಅದರ ಕಾಲುಗಳನ್ನು ಬಿಸಿಗಾಳಿಯ ಡಬ್ಬಿಯ ಮೇಲೆ ಹಿಡಿದು, ಮೆತ್ತಗಾದ ಮೇಲೆ ಕಿವಿಯ ಹಿಂದೆ ಬಗ್ಗುವಂತೆ ಒತ್ತಿದರು. ಮತ್ತೆ ಹಾಕಿದೆ. ಮತ್ತೆ ಜಾರಿತು.

"ಮೂಗಿನ ನಡು ಎತ್ತರ ಇದ್ದವರಿಗೆ ಇದು ಛಲೋ ಕುಂದರತೈತಿ," ಎಂದರು. ಅಷ್ಟರಲ್ಲಿ ವ್ಯಾಪಾರ ನೆನಪಾಯಿತೋ ಏನೋ, "ನಿಮಗೂ ಏನ ಕಮ್ಮಿ ಇಲ್ಲ ಬಿಡ್ರಿ. ಬಿಲ್ಕುಲ್ ಪ್ರಿನ್ಸಿಪಾಲ ಕಂಡಂಗ ಕಾಣ್ತೀರಿ," ಎಂದು ಸೇರಿಸಿದರು.

ಬಾಯಿಯ ಮೂಗಿನ ನಡು ಎತ್ತರ. ಜಾಂಬೋಟಿಯ ನೀರೇ ಹಾಗೇನೋ. ನನ್ನದು ಬೀಡಿಯ ಮೂಗು, ಬಯಲುಸೀಮೆಯಷ್ಟು ಸಪಾಟು. ಆ ಎತ್ತರವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಆದರೂ ಕೊಂಡೆ. ನನ್ನ ನಂಬರಿನ ಗಾಜು ಕೂಡಿಸುವ ತನಕ ಅಲ್ಲೇ ಕಾದೆ.

ಮರುದಿನ ಬಸ್ಸಿನಲ್ಲಿ ಬಾಯಿ ನನ್ನನ್ನು ನೋಡಿ ಖುಷಿಯಿಂದ ಕೈ ತಟ್ಟಿದಳು. "ಅರೇ! ನನ್ನಂಥದ ತಗೊಂಡ್ರಿ? ಈಗ ಇಬ್ಬರದೂ ಒಂದ ಆತ ನೋಡ್ರಿ!" ಆ ಖುಷಿಯಲ್ಲಿ ಒಂದು ಹನಿಯಷ್ಟೂ ಹುಳಿ ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಶಾಲೆಯಲ್ಲಿ ಮೊದಲ ಬೆಂಚಿನ ಹುಡುಗಿ ಎದ್ದು ನಿಂತು, "ಅಕ್ಕೋರ, ಇವತ್ತ ನೀವ ಆ ಬಾಜೂ ಸಾಲಿ ಬಾಯಿ ಕಂಡಂಗ ಕಾಣಾಕತ್ತೀರಿ," ಎಂದಿತು. ಇಡೀ ವರ್ಗ ಹೌದೆಂದಿತು. ಅವರ ಪಾಟಿ ನೋಡಲು ಬಗ್ಗಿದಾಗ ಚಸ್ಮಾ ಜಾರಿ ತುಟಿಯ ಮೇಲೆ ಬಂದು ಕೂತಿತು. ಎಡಗೈ ಬೆರಳಿಗೆ ದಿನವಿಡೀ ಅದನ್ನು ಮೇಲೆ ನೂಕುವುದೇ ಕೆಲಸವಾಯಿತು.

ಸಂಜೆ ಅತ್ತೆಯ ಮುಂದೆ ಬೇಕೆಂದೇ ಎರಡು ಸಲ ಸುಳಿದಾಡಿದೆ. ಅವರು ತಲೆಯೆತ್ತಿ ನೋಡಿದರು. ಜಾರಿದ ಚಸ್ಮಾವನ್ನು ಮೇಲೆ ನೂಕಿ, ಮುಖ ಎತ್ತಿ ನಿಂತೆ. ಹೊಸ ಸೀರೆ ಉಟ್ಟ ಮದುಮಗಳೂ ಹಾಗೆ ನಿಂತಿರಲಿಕ್ಕಿಲ್ಲ.

"ಯಾರ್ದ ಹಾಕ್ಕೊಂಡ ಬಂದಿ?" ಎಂದು ಕೇಳಿದರು.

ಅದರ ಮರುದಿನ ಬಸ್ಸಿನಲ್ಲಿ ನನ್ನ ಕಟ್ಟೆ ಒಡೆಯಿತು. ಬಸ್ಸು ಮಚ್ಛೆ ಊರು ದಾಟಿತ್ತು. ಆಕೆ ತಾನು ತಂದ ಥಾಲಿಪೀಠದಲ್ಲಿ ಅರ್ಧ ಮುರಿದು ನನ್ನ ಕೈಗೆ ಕೊಡುತ್ತ, "ಆಯಿ ಹೆಂಗದಾರ?" ಎಂದಳು. ಆ ಆಯಿ ಎಂಬ ಶಬ್ದಕ್ಕೇ ನಾನು ಕಾದಿದ್ದೆನೋ ಏನೋ.

"ನಿಮ್ಮ ಆಯಿಗೇನ್ರೀ, ಆರಾಮ ಅದಾರ," ಎಂದೆ. "ಊರ ತುಂಬ ನಿಮ್ಮ ಹೆಸರ ಹೇಳಾಕತ್ತಾರ. ನಿಮಗ ಹಾಡಾಚಿ ಶಿಕ್ಷಿಕಾ ಅಂತ ಹೆಸರಿಟ್ಟಾರ, ನಿಮಗ ಗೊತ್ತಿಲ್ಲೇನು? ನಿಮ್ಮ ಈ ಫ್ರೇಮ್ ನೋಡಿ. ಅದಕ್ಕ ನಾನೂ ಒಂದ ತಂದ ಹಾಕ್ಕೊಂಡೀನಿ, ನಿಲ್ಲವಲ್ದು. ನನ್ನ ಮೂಗಿಗೆ ಆ ಯೋಗ್ಯತಾ ಇಲ್ಲ."

ಆಕೆ ನನ್ನನ್ನು ಬಾಯಿ ತೆರೆದು ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕಳು, ಕಣ್ಣಲ್ಲಿ ನೀರು ಬಂದು ಚಸ್ಮಾ ತೆಗೆದು ಸೆರಗಿನಿಂದ ಒರೆಸಿಕೊಂಡಳು. ನನ್ನ ಮೈ ಉರಿಯುತ್ತಿತ್ತು.

"ಫ್ರೇಮ್ ಅಲ್ರೀ ಅಕ್ಕೋರ!" ಎಂದಳು ಕೊನೆಗೆ. "ಹಾಡ ಅಂದ್ರ ಎಲುಬ, ಖರೇ ಐತಿ. ಆದರ ಮರಾಠಿಯೊಳಗ ಹಾಡಾಚಿ ಶಿಕ್ಷಿಕಾ ಅಂದ್ರ ಎಲುಬಿನ ತನಕಾ ಶಿಕ್ಷಕಿ ಅಂತ. ಹುಟ್ಟಾ ಶಿಕ್ಷಕಿ. ಹೊರಗಿಂದ ಹಾಕ್ಕೊಂಡದ್ದಲ್ಲ, ಒಳಗ ಎಲುಬಿನ್ಯಾಗ ಮಾಸ್ತರಕಿ ಐತಿ ಅಂತ. ಯಾರರೆ ಭಾಳ ಮನಸಿನಿಂದ ಕಲಸವರಿದ್ರ ಹಂಗ ಅಂತಾರ. ಅದಕ್ಕಿಂತ ದೊಡ್ಡ ಮಾತ ಇಲ್ಲ ನಮ್ಮಾಗ."

ಥಾಲಿಪೀಠ ಕೈಯಲ್ಲೇ ಉಳಿಯಿತು. ಹಾಗಾದರೆ ಇನ್ನೂ ಕೆಟ್ಟದಾಯಿತು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಚಸ್ಮಾ ಹೊಗಳಿದ್ದರೆ ಚಸ್ಮಾ ಕೊಳ್ಳಬಹುದು. ಎಲುಬು ಎಲ್ಲಿಂದ ತರುವುದು?

"ಮತ್ತ ಅದು ನನಗ ಅಂದದ್ದಲ್ರೀ," ಎಂದಳು ಆಕೆ. "ನಿಮಗ. ಅವತ್ತ ನೀವ ಚಹಾ ಮಾಡಾಕ ಒಳಗ ಹೋಗಿದ್ರಿ ನೋಡ್ರಿ, ಆವಾಗ ನನ್ನ ಮುಂದ ಅಂದ್ರು. ನಮ್ಮ ಸೊಸಿ ಹಾಡಾಚಿ ಶಿಕ್ಷಿಕಾ ಅಂತ. ನಿಮ್ಮ ಮನ್ಯಾಗ ಗೊತ್ತ ಇರತೈತಿ ಅಂತ ನಾ ಹೇಳಲಿಲ್ಲ. ಹೊಗಳಿದ್ದು ಹಳೇ ಸುದ್ದಿ ಇರತೈತಲ್ಲ."

ಖಾನಾಪುರ ಬರುವ ತನಕ ನಾನು ಆ ಥಾಲಿಪೀಠವನ್ನು ಚೂರು ಚೂರು ಮಾಡಿ ತಿಂದೆ. ಆಕೆ ಎರಡು ಸಲ ನನ್ನ ಮುಖ ನೋಡಿ, ಬೇಜಾರಾಯಿತೇ ಎಂದು ಕೇಳಿದಳು. ಇಲ್ಲ ಎಂದೆ. ಖುಷಿಯಾಗಬೇಕಿತ್ತು, ಆಯಿತು ಕೂಡ. ಇಳಿಯುವ ಹೊತ್ತಿಗೆ ಜೀವ ಹಗುರಾಗಿ, ಆ ಜಾರುವ ಚಸ್ಮಾ ತೆಗೆದು ಚೀಲದೊಳಗೆ ಹಾಕಿ, ಅಲ್ಲೇ ಇದ್ದ ಟೈಟಾನಿಯಂ ಏರಿಸಿಕೊಂಡು ವರ್ಗಕ್ಕೆ ಹೋದೆ. ಆ ದಿನ ಬಹಳ ಚೆನ್ನಾಗಿ ಕಲಿಸಿದೆ ಎಂದು ನನ್ನ ನಂಬಿಕೆ. ಆದರೆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಬೇರೆ ವಿಚಾರ ತಲೆಗೆ ಹೊಕ್ಕಿತು. ಬಾಯಿಗೆ ಗೊತ್ತಿತ್ತು. ಕೊಲ್ಲಾಪುರದ ನಾದಿನಿಗೆ ಗೊತ್ತಿತ್ತು. ಮೇಲಿನ ಮನೆಯವರಿಗೂ ಗೊತ್ತಿರಬೇಕು, ಅವರ ಜೊತೆಯೂ ಅತ್ತೆ ಮರಾಠಿಯಲ್ಲೇ ಹರಟೆ ಹೊಡೆಯುವುದು. ಇಷ್ಟು ಜನರ ಕಿವಿಗೆ ಬಿದ್ದ ಮಾತು ಒಂದೇ ಸೂರಿನ ಕೆಳಗಿರುವ ನನ್ನ ಕಿವಿಗೆ ಬೀಳಲಿಲ್ಲ. ಬಿದ್ದಾಗಲೂ ನಾನು ಅದನ್ನು ಇನ್ನೊಬ್ಬಳದು ಎಂದು ತಿಳಿದೆ.

ಸಂಜೆ ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲಿ ಚವಳಿಕಾಯಿ ಸೋಸುತ್ತ ಕೂತಿದ್ದರು. ನಾನೂ ಎದುರಿಗೆ ಕೂತೆ. ಕೈಕಾಲು ತೊಳೆಯಲಿಲ್ಲ, ಚಹಾಕ್ಕೆ ಇಡಲಿಲ್ಲ.

"ಅತ್ತೀ, ನೀವ ನನಗ ಹಾಡಾಚಿ ಶಿಕ್ಷಿಕಾ ಅಂದೀರಂತ."

"ಯಾರ ಹೇಳಿದ್ರು?"

"ಯಾರರೆ ಹೇಳಲಿ. ಅಂದೀರೋ ಇಲ್ಲೋ?"

"ಅಂದೀನಿ. ಸುಳ್ಳೇನ ಅದು?" ಅವರು ಒಂದು ಚವಳಿಕಾಯಿಯ ತುದಿ ಮುರಿದರು. "ಮನ್ಯಾಗರೆ ಸುಮ್ಮ ಕುಂದರತಿ ಏನ? ಹಾಲಿನಾಂವಗ ಕೂಡಿಸೂದು ಕಳಿಯೂದು ಕಲಸತಿ. ಟೀವಿಯಾಗ ಬಾತ್ಮಿ ಓದಾಕಿಗೂ ಇಲ್ಲಿಂದನ ತಿದ್ದತಿ. ಹೋದ ಮಳಿಗಾಲದಾಗ ಜ್ವರ ಬಂದು ಮಲಗಿದ್ದಿ, ಕುಂದರಾಕ ಸುದ್ದಾ ಆಗತಿರಲಿಲ್ಲ. ಹುಡುಗರ ಪೇಪರ ಎದಿ ಮ್ಯಾಲೆ ಇಟಗೊಂಡ ತಪಾಸ ಮಾಡಾಕತ್ತಿದ್ದಿ. ನಾ ಗಂಜಿ ತಗೊಂಡ ಬಂದು ಬಾಗಲದಾಗ ನಿಂತ ನೋಡಿ, ಆರಿದ ಮ್ಯಾಲೆ ಮತ್ತ ಕಾಸಾಕ ಒಯ್ದೆ. ನಿನಗ ಖಬರ ಇರಲಿಲ್ಲ."

ನನಗೆ ಖಬರು ಇರಲಿಲ್ಲ. ಗಂಜಿ ಬಿಸಿಯಾಗಿತ್ತು ಎಂಬುದಷ್ಟೇ ನೆನಪಿದೆ.

"ಇಷ್ಟೆಲ್ಲಾ ನೋಡೀರಿ, ಮಂದಿಗೆಲ್ಲ ಹೇಳೀರಿ. ನನಗ ಒಂದ ಸಲಾ ಹೇಳಬಾರದಿತ್ತ?" ನನ್ನ ದನಿ ಏರಿತು. ಸಿಟ್ಟಿಗೆ ಎಂದು ಅವರು ತಿಳಿದರೋ ಏನೋ, ಕೈ ನಿಲ್ಲಿಸಿದರು.

"ನಿನ್ನ ಸುದ್ದಿ ನಿನಗ ಏನ ಹೇಳೂದು?" ಎಂದರು. "ಮತ್ತ ಕನ್ನಡದಾಗ ಅದನ್ನ ಹೆಂಗ ಅನಬೇಕ? ಎಲುಬಿನ ಅಕ್ಕೋರ ಅಂದ್ರ, ನೀ ಒಣಗಿ ಕಡ್ಡಿ ಆಗಿ ಅಂದಂಗ ಆಗತೈತಿ. ನಿನ್ನ ಜೋಡಿ ನಾ ಬರೇ ಕನ್ನಡನ ಮಾತಾಡೂದು."

"ಮರಾಠಿಯೊಳಗನ ಅನ್ರಿ. ನಾ ಕೇಳತೀನಿ. ನನ್ನ ಮಾರಿ ನೋಡಿ ಅನ್ರಿ."

ಅವರಿಗೆ ಸಂಕೋಚವಾಯಿತು. ಸೆರಗು ಸರಿ ಮಾಡಿಕೊಂಡರು. ನನ್ನ ಕಡೆ ನೋಡಿದರು, ಬುಟ್ಟಿಯ ಕಡೆ ನೋಡಿದರು, ಮತ್ತೆ ನನ್ನ ಕಡೆ ನೋಡಲಾರದೆ ಗೋಡೆಯ ಕಡೆ ನೋಡಿ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಅಂದರು: "ಹಾಡಾಚಿ ಶಿಕ್ಷಿಕಾ ಆಹೇ ತೀ."

"ತೀ ಅಲ್ರೀ," ಎಂದೆ. "ಎದುರಿಗೆ ಇದ್ದಾಕಿಗೆ ತೀ ಅನಬಾರದು. ತೂ. ಆಹೇಸ್ ತೂ ಅನಬೇಕ."

ಅವರು ಗೋಡೆಯಿಂದ ಕಣ್ಣು ತೆಗೆದು ನನ್ನನ್ನೇ ನೋಡಿದರು. "ನೋಡ, ನೋಡ! ನನ್ನ ಮರಾಠಿನೂ ತಿದ್ದಿದಿ!" ಎಂದು ಬುಟ್ಟಿ ಅಲುಗಾಡುವ ಹಾಗೆ ನಕ್ಕರು. ನಗುತ್ತಲೇ ಎದ್ದು, ಈ ತಮಾಷೆ ಹೇಳಲು ಕೊಲ್ಲಾಪುರಕ್ಕೆ ಫೋನು ಹಚ್ಚಿದರು. ಮಗಳಿಗೆ ಮೊದಲಿಂದ ಕೊನೆಯ ತನಕ ಮರಾಠಿಯಲ್ಲಿ ಹೇಳಿದರು. ನಡುವೆ ಆ ವಾಕ್ಯ ಎರಡು ಸಲ ಬಂತು, ಎರಡೂ ಸಲ ತೀ ಎಂದೇ ಬಂತು, ಅದೇ ತುಪ್ಪದ ದನಿಯಲ್ಲಿ.

ತೂ ಎಂದು, ನೀನು ಎಂದು, ಅವರು ಇನ್ನೂ ಅಂದಿಲ್ಲ. ಆ ದನಿಯನ್ನು ಎದುರಿಗೆ ಕೂತು ಕೇಳಿಸಿಕೊಂಡ ನಾದಿನಿಯ ಮೇಲೆ, ಬಾಯಿಯ ಮೇಲೆ, ಮೇಲಿನ ಮನೆಯವರ ಮೇಲೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅವರೆಲ್ಲ ಕೇಳಿಸಿಕೊಂಡದ್ದು ನನ್ನದು.